ಕಿಂಡಿಗೆ ಅಂಟಿಸಿದ ಎದೆಗೂಡು

ನನ್ನ ಎದೆಗೂಡನ್ನು ಕುರ್ಲಾದ ನಮ್ಮ ಚಾಳಿನ ಎರಡನೆಯ ಮಾಳಿಗೆಯವರೆಲ್ಲ ನೋಡಿದ್ದಾರೆ. ಬಲಗಡೆ ಮೇಲ್ಭಾಗದಲ್ಲಿದ್ದ ಕಲೆ ಎಷ್ಟು ದೊಡ್ಡದಿತ್ತು ಎಂದು ಇವತ್ತಿಗೂ ಕೆಲವರು ಬೆರಳು ಮಡಿಸಿ ತೋರಿಸಬಲ್ಲರು. ಕ್ಷಯವನ್ನು ಮುಚ್ಚಿಡಲು ಮೂರು ತಿಂಗಳು ನಾವು ಪಟ್ಟ ಪಾಡೆಲ್ಲ ಒಂದೇ ಸಂಜೆಗೆ ನೀರುಪಾಲಾಯಿತು. ಆ ಸಂಜೆ ನನಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನಿಸಿತ್ತು. ಎಂಟು ವರ್ಷಗಳಾದ ಮೇಲೆ ಬರೆದಿಡೋಣ ಅನಿಸುತ್ತಿದೆ. ಕಳೆದ ತಿಂಗಳು ದವಾಖಾನೆಗೆ ತಪಾಸಣೆಗೆಂದು ಹೋದಾಗ ಬೆಂಚಿನ ತುದಿಯಲ್ಲಿ ಒಬ್ಬ ಹುಡುಗಿ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು ಕೂತಿದ್ದಳು. ಒಂದು ಕಾಲದಲ್ಲಿ ನಾನೂ ಅದೇ ಬೆಂಚಿನಲ್ಲಿ ಹಾಗೇ ಕೂತಿದ್ದೆ. ಮಾತಾಡಿಸಬೇಕು ಅಂದುಕೊಳ್ಳುವಷ್ಟರಲ್ಲಿ ಅವಳ ಹೆಸರು ಕೂಗಿದರು, ಅವಳು ಎದ್ದು ಹೋದಳು. ಅವಳಿಗೆ ಹೇಳಬೇಕೆಂದಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಒಂದನೆಯ ಇಯತ್ತೆಯ ಟೀಚರು. ಬಿಜಾಪುರ, ಗುಲ್ಬರ್ಗಾ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳೇ ನನ್ನ ತರಗತಿಯಲ್ಲಿ ಹೆಚ್ಚು. ಮುನಿಸಿಪಾಲಿಟಿಯ ಲಸಿಕೆಯವರು ಬಂದಾಗ ಮಕ್ಕಳನ್ನು ಹಿಡಿದುಕೊಡುವ ಕೆಲಸ ನನ್ನದು. ಬೆಂಚಿನಡಿ ಹೊಕ್ಕವರನ್ನು ಕಾಲು ಹಿಡಿದು ಎಳೆಯುತ್ತಿದ್ದೆ. ಗೇಟಿನ ಹತ್ತಿರ ನಿಂತು ಕಣ್ಣೊರೆಸಿಕೊಳ್ಳುವ ತಾಯಂದಿರಿಗೆ, "ಒಂದು ಸೂಜಿಗೆ ಇಷ್ಟು ಅಂಜಿದ್ರ ಹ್ಯಾಂಗವ್ವಾ?" ಎಂದು ದಬಾಯಿಸುತ್ತಿದ್ದೆ. ಆ ವರ್ಷ ಕ್ಷಯ ಬರದಂತೆ ಹಾಕುವ ಲಸಿಕೆಯನ್ನು ತಂದಿದ್ದರು. ನನ್ನ ತರಗತಿಯ ಒಂದು ಮಗುವೂ ತಪ್ಪಿಸಿಕೊಳ್ಳಲಿಲ್ಲ, ಹೆಡ್‌ಮಾಸ್ತರರು ನನ್ನ ಬೆನ್ನು ತಟ್ಟಿದರು. ಮನೆಯಲ್ಲಿದ್ದ ನನ್ನ ಸ್ವಂತ ಮಗಳು, ಎರಡು ವರ್ಷದ ವೀಣಾಗೆ ಮಾತ್ರ ಹಾಕಿಸಿರಲಿಲ್ಲ. ಕರೆದುಕೊಂಡು ಹೋಗಬೇಕೆಂದಿದ್ದ ದಿನ ಅವಳಿಗೆ ನೆಗಡಿಯಾಗಿತ್ತು. ಮುಂದಿನ ಸಲ ನೋಡಿದರಾಯಿತು ಎಂದು ಬಿಟ್ಟೆ. ಆ ಮುಂದಿನ ಸಲಕ್ಕಿಂತ ಮೊದಲು ನನಗೆ ಕೆಮ್ಮು ಬಂತು.

ಎರಡು ತಿಂಗಳು ಅದಕ್ಕೆ ಸೀಮೆಸುಣ್ಣದ ಧೂಳು ಎಂದು ಹೆಸರಿಟ್ಟೆ. ಮಳೆಗಾಲ ಎಂದೆ, ಚಾಳಿನ ಒದ್ದೆ ಗೋಡೆ ಎಂದೆ. ಬ್ಲೌಸು ಸಡಿಲಾದರೆ ದರ್ಜಿ ಕೆಡಿಸಿದ ಎಂದೆ. ಊರವರಿಗೆಲ್ಲ ಬುದ್ಧಿ ಹೇಳುವವಳಿಗೆ ತನ್ನ ಮೈ ತನಗೆ ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ತಿಳಿದಿತ್ತು. ಅದಕ್ಕೇ ಇಷ್ಟೊಂದು ಹೆಸರಿಟ್ಟೆ. ಒಂದು ದಿನ ಬೋರ್ಡಿನ ಮೇಲೆ ಅ, ಆ ಬರೆಯುತ್ತಿರುವಾಗ ಕೆಮ್ಮು ಬಂದು ಕರವಸ್ತ್ರದಲ್ಲಿ ಕೆಂಪು ಕಂಡಿತು. ಅದನ್ನು ಮಡಿಸಿ ಮುಷ್ಟಿಯೊಳಗಿಟ್ಟುಕೊಂಡೆ. ಇ, ಈ ಬರೆದು ಮುಗಿಸಿ, ಗಂಟೆ ಹೊಡೆದ ಮೇಲೆ ಮುನಿಸಿಪಾಲಿಟಿಯ ಕ್ಷಯದ ದವಾಖಾನೆಗೆ ನಡೆದುಕೊಂಡು ಹೋದೆ.

ಅಲ್ಲಿ ಮೂರು ಬೆಂಚುಗಳಿದ್ದವು. ಬೆಂಚಿನ ಮೇಲೆ ಕೂತವರು ಒಬ್ಬರೂ ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ. ಪರಿಚಯದವರು ಯಾರಾದರೂ ಇದ್ದುಬಿಟ್ಟರೆ ಎಂಬ ಹೆದರಿಕೆ ಎಲ್ಲರಿಗೂ. ನಾನಂತೂ ಗೋಡೆಯ ಮೇಲಿನ ಕುಟುಂಬ ಯೋಜನೆಯ ಚಿತ್ರವನ್ನು ಬಾಯಿಪಾಠವಾಗುವಷ್ಟು ನೋಡಿದೆ. ಎಕ್ಸ್‌ರೇ ತೆಗೆದರು, ಕಫ ತೆಗೆದುಕೊಂಡರು, ನಾಲ್ಕು ದಿನ ಬಿಟ್ಟು ಬಾ ಎಂದರು. ನಾಲ್ಕು ದಿನದ ನಂತರ ನನಗೆ ವಿಷಯ ಹೇಳಿದವರು ಡಾಕ್ಟರಲ್ಲ, ಮಂಗಳೂರಿನ ಕಡೆಯ ಒಬ್ಬ ಸಿಸ್ಟರ್. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ದನಿ.

"ಟೀಚರಾ? ಹಾಗಾದ್ರೆ ನಿಮ್ಗೆ ಎರಡು ಸಲ ಹೇಳ್ಬೇಕಂತಿಲ್ಲ. ಟಿ.ಬಿ. ಉಂಟು. ಗುಣ ಆಗ್ತದೆ. ಆದ್ರೆ ಔಷಧ ನಡುವಲ್ಲಿ ಬಿಡ್ಲಿಕ್ಕಿಲ್ಲ. ಗೊತ್ತಾಯ್ತಾ?"

ಗೊತ್ತಾಯಿತು ಎಂದು ತಲೆಯಾಡಿಸಿದೆ. ಹೊರಗೆ ಬಂದು ಬಸ್‌ಸ್ಟಾಪಿನಲ್ಲಿ ನಿಂತಾಗ ಯಾವ ನಂಬರಿನ ಬಸ್ಸು ಹತ್ತಬೇಕು ಎಂಬುದೇ ಮರೆತುಹೋಗಿತ್ತು.

ನಮ್ಮವರು ಲೋಕಲ್ ಗಾಡಿಗಳ ಕಾರ್‌ಶೆಡ್ಡಿನಲ್ಲಿ ಫಿಟ್ಟರ್. ಮಾತು ಕಡಿಮೆ. ನಾನು ಹೇಳಿದ್ದನ್ನೆಲ್ಲ ಕೇಳಿ, ಊಟ ಮುಗಿಸಿ, ತಟ್ಟೆ ತಾವೇ ತೊಳೆದಿಟ್ಟರು. ಆಮೇಲೆ, "ಚಾಳಿನಾಗ ಯಾರಿಗೂ ಹೇಳೂದು ಬ್ಯಾಡ. ವೀಣಾನ ಯಾರೂ ಎತ್ತಿಕೊಳ್ಳೂದಿಲ್ಲ ಆಮ್ಯಾಲ" ಎಂದರು. ನನ್ನನ್ನು ದೊಡ್ಡ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಸೇರಿಸುವ ದಿನ, ಟೀಚರಬಾಯಿಗೆ ಪುಣೆಯಲ್ಲಿ ಮೂರು ತಿಂಗಳ ಟ್ರೇನಿಂಗ್ ಎಂದು ಅಕ್ಕಪಕ್ಕ ಹೇಳಿದ್ದಾಯಿತು. ಊರಿನಿಂದ ಅತ್ತೆ ಬಂದರು. ಅವರಿಗೆ ಎದೆಯಲ್ಲಿ ನೀರು ತುಂಬಿದೆ ಎಂದಷ್ಟೇ ಹೇಳಿದ್ದೆವು. ಅವರು ಮರುಪ್ರಶ್ನೆ ಕೇಳಲಿಲ್ಲ, ನನ್ನ ತಟ್ಟೆ ಲೋಟಗಳನ್ನು ಮಾತ್ರ ಬೇರೆ ಕಟ್ಟಿಟ್ಟರು.

ಆಸ್ಪತ್ರೆಯೊಳಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಭಾನುವಾರ ನಮ್ಮವರು ವೀಣಾಳನ್ನು ಕರೆತಂದು ಕಾಂಪೌಂಡಿನ ಆಚೆಯ ರಸ್ತೆಯಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲುತ್ತಿದ್ದರು. ನಾನು ಕಿಟಕಿಯಿಂದ ಕೈ ಬೀಸುತ್ತಿದ್ದೆ. ಮೊದಲ ವಾರ ಅವಳು ಅತ್ತಳು. ಎರಡನೆಯ ವಾರ ಕೈ ಬೀಸಿದಳು. ಐದನೆಯ ವಾರ ನನ್ನ ಪಕ್ಕದ ಕಿಟಕಿಯಲ್ಲಿದ್ದ ಇನ್ನೊಬ್ಬ ಹೆಂಗಸಿಗೆ ಕೈ ಬೀಸಿದಳು. ಅಷ್ಟು ದೂರಕ್ಕೆ ನಾವೆಲ್ಲ ಒಂದೇ ತರಹದ ಬಿಳಿ ಸೀರೆಯವರು, ಮಗುವಿನದೇನು ತಪ್ಪು. ಅವತ್ತು ನಾನು ಊಟ ಮಾಡಲಿಲ್ಲ.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಯುದ್ಧ ಶುರುವಾಯಿತು. ಒಂದು ಶುಕ್ರವಾರ ಸಂಜೆ ಸೈರನ್ನು ಕೂಗಿತು, ವಾರ್ಡಿನ ದೀಪಗಳೆಲ್ಲ ಆರಿದವು. ಭಾನುವಾರ ಬೆಳಿಗ್ಗೆ ಡಾಕ್ಟರು ಬಂದು, ಗಾಯಾಳುಗಳು ಬಂದರೆ ಹಾಸಿಗೆ ಬೇಕು, ನಡೆಯಬಲ್ಲವರೆಲ್ಲ ಮನೆಗೆ ಹೋಗಿ, ಸೂಜಿಯನ್ನು ನಿಮ್ಮ ಹತ್ತಿರದ ದವಾಖಾನೆಯಲ್ಲಿ ಹಾಕಿಸಿಕೊಳ್ಳಿ ಎಂದರು. ನನ್ನ ಕೊನೆಯ ಕಫದ ವರದಿ ಇನ್ನೂ ಬಂದಿರಲಿಲ್ಲ. ಕಾಯುವಷ್ಟು ಪುರುಸೊತ್ತು ಅವರಿಗಿರಲಿಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಕಾರ್ಡು, ಕಂದು ಲಕೋಟೆಯಲ್ಲಿ ನನ್ನ ಎರಡು ಎಕ್ಸ್‌ರೇ, ಜೊತೆಗೆ ಎರಡು ಮಾತು ಕೊಟ್ಟು ಕಳಿಸಿದರು. ಕಿಟಕಿ ಯಾವಾಗಲೂ ತೆರೆದಿಡಿ. ವರದಿ ಬರುವವರೆಗೆ ಮಗುವನ್ನು ಹತ್ತಿರ ಬಿಟ್ಟುಕೊಳ್ಳಬೇಡಿ.

ಹೊರಗೆ ಬಂದರೆ, ಶತ್ರು ವಿಮಾನಕ್ಕೆ ಬೆಳಕು ಕಾಣಬಾರದೆಂದು ಸರಕಾರದ ಇನ್ನೊಂದು ಕೈ ಕಿಟಕಿ ಮುಚ್ಚಿ ಎನ್ನುತ್ತಿತ್ತು. ಮೋಟಾರುಗಳ ದೀಪಕ್ಕೆ ಅರ್ಧ ಕರಿ ಬಣ್ಣ ಬಳಿದಿದ್ದರು. ಅಂಗಡಿಗಳಲ್ಲಿ ಕರಿ ಕಾಗದ ಮುಗಿದುಹೋಗಿತ್ತು. ನಮ್ಮದು ಒಂದೇ ಕೋಣೆಯ ಮನೆ. ಹಿಂದೆ ಮೋರಿಯ ಮೇಲೆ ಒಂದು ಕಿಟಕಿ, ಮುಂದೆ ಗ್ಯಾಲರಿಗೆ ತೆರೆಯುವ ಬಾಗಿಲ ಮೇಲೆ ಎರಡು ಗಾಜಿನ ಕಿಂಡಿ. ಹಿಂದಿನ ಕಿಟಕಿಗೆ ಅತ್ತೆ ಆಗಲೇ ಊರಿನಿಂದ ತಂದ ಕಂಬಳಿಯನ್ನು ಮೊಳೆ ಹೊಡೆದು ಬಿಗಿದಿದ್ದರು. ಆ ಉಸಿರುಗಟ್ಟುವ ಕೋಣೆಯೊಳಗೆ ಕ್ಷಯದವಳು ನಾನು ಬಂದೆ.

ವೀಣಾ ಅಜ್ಜಿಯ ಸೆರಗು ಹಿಡಿದುಕೊಂಡು ನನ್ನನ್ನು ನೋಡುತ್ತ ನಿಂತಳು. ನಾನು ಬಾಗಿಲಲ್ಲೇ ನಿಂತೆ. ಅತ್ತೆ ನನ್ನ ಶಾಲೆಯ ಚೀಲದಿಂದ ಸೀಮೆಸುಣ್ಣ ತೆಗೆದು ಕೋಣೆಯ ನಡುವೆ ಗೋಡೆಯಿಂದ ಗೋಡೆಗೆ ಒಂದು ಗೆರೆ ಎಳೆದರು. ಬಾಗಿಲ ಕಡೆಯದು ನನ್ನದು, ಒಲೆಯ ಕಡೆಯದು ಅವರಿಬ್ಬರದು.

"ನೋಡವಾ ಸುಶೀಲಾ, ಕೂಸು ಈ ಗೆರಿ ದಾಟೂದಿಲ್ಲ. ನೀನೂ ದಾಟಬ್ಯಾಡ. ಮನಸು ಗಟ್ಟಿ ಮಾಡ್ಕೋ" ಎಂದರು. ಎದೆಯಲ್ಲಿ ಬರೀ ನೀರು ತುಂಬಿದ್ದಲ್ಲ ಎಂಬುದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ನನಗೆ ಆಗ ಅರಿವಾಯಿತು.

ಬಸ್ಸಿನ ಆಯಾಸಕ್ಕೆ ಚಾಪೆಯ ಮೇಲೆ ಬಿದ್ದವಳಿಗೆ ಹಾಗೇ ನಿದ್ದೆ ಬಂತು. ಎಚ್ಚರವಾದದ್ದು ಸೀಟಿಯ ಸದ್ದಿಗೆ. ಕತ್ತಲಾಗಿತ್ತು, ಮನೆಯೊಳಗೆ ಬಲ್ಬು ಉರಿಯುತ್ತಿತ್ತು, ಅತ್ತೆ ರೊಟ್ಟಿ ತಟ್ಟುತ್ತಿದ್ದರು. ಹೊರಗೆ ಸಾವಂತರ ದನಿ. ಸಾವಂತರು ನಮ್ಮ ಎದುರು ಸಾಲಿನ ಮನೆಯವರು, ಹಡಗು ನಿಲ್ಲುವ ಗೋದಿಯಲ್ಲಿ ಗುಮಾಸ್ತರು, ಚಾಳಿನ ಕಮಿಟಿಯ ಸೆಕ್ರೆಟರಿ. ಯುದ್ಧ ಬಂದ ಮೇಲೆ ತೋಳಿಗೆ ಪಟ್ಟಿ ಕಟ್ಟಿಕೊಂಡು ವಾರ್ಡನ್ ಆಗಿದ್ದರು.

"ದಸ್ ನಂಬರ್! ಲೈಟ್ ದಿಖತಾ ಹೈ! ಲೈಟ್ ಬಂದ್ ಕರೋ!" ಎಂದು ಕೂಗುತ್ತಿದ್ದವರು ತಟ್ಟನೆ ನಿಲ್ಲಿಸಿದರು. ಗ್ಯಾಲರಿಯಲ್ಲಿ ಒಬ್ಬೊಬ್ಬರೇ ಕೂಡಿಕೊಳ್ಳುವ ಸದ್ದು ಕೇಳಿಸಿತು, ಮಾತು ಕೇಳಿಸಲಿಲ್ಲ. ನಾನು ಬಾಗಿಲು ತೆರೆದು ಹೊರಗೆ ಬಂದೆ. ಎಲ್ಲರೂ ನನ್ನ ತಲೆಯ ಮೇಲೆ ನೋಡುತ್ತಿದ್ದರು. ನಾನೂ ತಿರುಗಿ ನೋಡಿದೆ.

ಎರಡು ಕಿಂಡಿಗಳಲ್ಲಿ ನನ್ನ ಎರಡು ಎದೆಗೂಡು ಹೊಳೆಯುತ್ತಿದ್ದವು. ಸೆಪ್ಟೆಂಬರಿನದು ಎಡಕ್ಕೆ, ಮೊನ್ನೆಯದು ಬಲಕ್ಕೆ. ಒಳಗಿನ ಬಲ್ಬಿನ ಬೆಳಕಿಗೆ ಒಂದೊಂದು ಪಕ್ಕೆಲುಬೂ ಎಣಿಸುವಷ್ಟು ಸ್ಪಷ್ಟ. ಎಲ್ಲಕ್ಕಿಂತ ಚೆನ್ನಾಗಿ ಹೊಳೆಯುತ್ತಿದ್ದದ್ದು ಮೇಲಿನ ಆ ಕಲೆ. ಸಾವಂತರು ನೀಲಿ ಕಾಗದ ಸುತ್ತಿದ ಟಾರ್ಚು ಎತ್ತಿ ಮೂಲೆಯ ಅಕ್ಷರಗಳನ್ನು ಗಟ್ಟಿಯಾಗಿ ಓದಿದರು. "ಸುಶೀಲಾ. ಫೀಮೇಲ್. ಚೆಸ್ಟ್." ಕತ್ತಲಲ್ಲಿ ಯಾರೋ ಒಬ್ಬಳು, "ಟೀಚರಬಾಯಿ, ಪುಣ್ಯಾದ ಟ್ರೇನಿಂಗಿನಾಗ ಇದನ್ನ ಕಲ್ತು ಬಂದ್ರೇನು?" ಎಂದಳು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ನಾನು ಒಳಗೆ ಬಂದು ಬಲ್ಬು ಆರಿಸಿ, ಅತ್ತೆಯ ಮೇಲೆ ಹರಿಹಾಯ್ದೆ. ಹಿರಿಯರು ಎಂದು ನೋಡಲಿಲ್ಲ, ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಹಿಟ್ಟಿನ ಕೈಯಲ್ಲೇ ಕೂತು ಕೇಳಿಸಿಕೊಂಡರು.

"ಕರಿ ಹಾಳಿ ಎಲ್ಲೂ ಸಿಗಲಿಲ್ಲವಾ. ಯುದ್ಧ ಬಂತು ಅಂತ ದವಾಖಾನಿಯವ್ರು ನಿನ್ನ ಮನಿಗೆ ಕಳಿಸಿದ್ರು. ಕೈಯಾಗ ಕರಿ ಹಾಳಿ ಕೊಟ್ಟು ಕಳಿಸ್ಯಾರ. ಸರಕಾರದವ್ರು ಕಿಂಡಿಗಿ ಹಚ್ಚಾಕನಽ ಎಲ್ಲಾರಿಗೂ ಕೊಟ್ಟಾರ ಅಂತ ತಿಳದೆ. ಮೈದಾ ಅಂಟು ಮಾಡಿ ಹಚ್ಚಿದೆ. ಒಳಗಿಂದ ನೋಡಿದ್ರ ಬರೇ ಕರ್ರಗ ಕಾಣಸ್ತಿತ್ತು" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನಿನ್ನ ಎದಿನ ಗ್ಯಾಲರಿಗೆ ತೂಗು ಹಾಕಿದಂಗಾತಲ್ಲ ನಾನು" ಎಂದು ಅಳತೊಡಗಿದರು. ಗೆರೆಯ ಆಚೆ ಅವರು, ಈಚೆ ನಾನು. ಹೋಗಿ ಅವರ ಭುಜ ಮುಟ್ಟುವ ಹಾಗೂ ಇರಲಿಲ್ಲ.

ಮರುದಿನ ಬೆಳಿಗ್ಗೆ ನಲ್ಲಿಯ ಸಾಲಿನಲ್ಲಿ ನಮ್ಮ ಕೊಡವನ್ನು ಯಾರೋ ಕಾಲಿಂದ ಸರಿಸಿ ಕೊನೆಗಿಟ್ಟಿದ್ದರು. ವೀಣಾಗೆ ದಿನಾ ಚಪಾತಿಯ ತುಂಡು ಕೊಡುತ್ತಿದ್ದ ಸಾವಂತರ ಹೆಂಡತಿ ತಮ್ಮ ಬಾಗಿಲು ಹಾಕಿಕೊಂಡರು. ಸಾವಂತರು ನಮ್ಮ ಹೊಸ್ತಿಲಿನಿಂದ ನಾಲ್ಕು ಹೆಜ್ಜೆ ದೂರ ನಿಂತು, ಗುರುವಾರ ಸಂಜೆ ಚಾಳಿನವರ ಸಭೆ, ಮಕ್ಕಳು ಮರಿ ಇರುವ ಜಾಗ, ಬಾಯಿ ಗುಣವಾಗುವವರೆಗೆ ಊರಿಗೆ ಹೋಗುವುದು ಒಳ್ಳೆಯದು ಎಂದು ಮರಾಠಿಯಲ್ಲಿ ಹೇಳಿ ಹೋದರು. ನಮ್ಮವರಿಗೆ ಯುದ್ಧದ ಕಾರಣ ರಜೆಯಿಲ್ಲ, ಎರಡು ಪಾಳಿಯ ಕೆಲಸ. ಊರಿಗೆ ಹೋದರೆ ದಿನಾ ಸೂಜಿ ಹಾಕುವವರು ಯಾರು?

ಅದನ್ನೇ ನುಂಗಿಕೊಂಡು ಅವತ್ತೇ, ಸೋಮವಾರ, ದವಾಖಾನೆಗೆ ಹೋದೆ. ಸಿಸ್ಟರ್ ಸೂಜಿ ಹಾಕಿ ಹತ್ತಿಯಿಂದ ಉಜ್ಜುತ್ತ, "ಮನೆಯಲ್ಲಿ ಸಣ್ಣ ಮಗು ಉಂಟಲ್ಲ? ಅದಕ್ಕೆ ಟೆಸ್ಟ್ ಮಾಡಿದ್ದಾರಾ?" ಎಂದರು. ಇಲ್ಲ ಎಂದೆ. ಲಸಿಕೆ? ಅದೂ ಇಲ್ಲ ಎಂದೆ. ಶಾಲೆಯಲ್ಲಿ ಲಸಿಕೆಯ ದಿನ ಮಕ್ಕಳನ್ನು ಹಿಡಿದುಕೊಟ್ಟವಳು ನಾನೇ ಎಂದು ಹಿಂದೊಮ್ಮೆ ಹೇಳಿಕೊಂಡಿದ್ದು ಅವರಿಗೆ ನೆನಪಿತ್ತು. ಕನ್ನಡಕದ ಮೇಲಿಂದ ಒಂದು ಸಲ ನೋಡಿದರು. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ಎಂತ ಮಾರಾಯ್ರೆ ಇದು. ಹೋಗಿ, ಈಗ್ಲೇ ಕರ್ಕೊಂಡು ಬನ್ನಿ."

ಅತ್ತೆ ವೀಣಾಳನ್ನು ಎತ್ತಿ ತಂದರು. ಸಿಸ್ಟರ್ ಅವಳ ಮುಂಗೈ ಮೇಲೆ ಸಣ್ಣ ಸೂಜಿ ಚುಚ್ಚಿ ಪೆನ್ನಿನಿಂದ ಸುತ್ತ ಗುರುತು ಹಾಕಿದರು. ಇಲ್ಲಿ ಗಟ್ಟಿಯಾಗಿ ಉಬ್ಬಿದರೆ ಕ್ರಿಮಿ ಮೈಯೊಳಗೆ ಹೋಗಿದೆ ಎಂದರ್ಥ, ಉಬ್ಬದಿದ್ದರೆ ಹೋಗಿಲ್ಲ ಎಂದರು. "ಗುರುವಾರ ಇದೇ ಹೊತ್ತಿಗೆ ಬನ್ನಿ. ಅಳತೆ ಮಾಡ್ಬೇಕು. ಶುಕ್ರವಾರ, ಶನಿವಾರ ಅಂದ್ರೆ ಆಗ್ಲಿಕ್ಕಿಲ್ಲ, ಇಳಿದು ಹೋಗ್ತದೆ."

ಆ ಮೂರು ದಿನಗಳ ಬಗ್ಗೆ ಏನು ಹೇಳಲಿ. ಹೊರಗೆ ಎಲ್ಲರೂ ರೇಡಿಯೋಗೆ ಕಿವಿ ಹಚ್ಚಿಕೊಂಡು ಎಲ್ಲಿ ಬಾಂಬು ಬಿತ್ತು, ಯಾವ ಊರು ಗೆದ್ದೆವು ಎಂದು ಕೇಳುತ್ತಿದ್ದರು. ನನ್ನ ಕಣ್ಣು ಗೆರೆಯಾಚೆಯ ಒಂದು ಗೇಣು ಉದ್ದದ ಕೈಯ ಮೇಲೆ. ನಾನು ಮುಟ್ಟುವಂತಿಲ್ಲ. ಕಂಬಳಿ ಹೊದೆಸಿದ ಕೋಣೆಯಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಬುಧವಾರ ತಡೆಯಲಾರದೆ, "ಅತ್ತಿ, ಕೂಸಿನ ಬಿಸಲಿಗೆ ತರ್ರಿ" ಎಂದೆ. ಅವರು ಗ್ಯಾಲರಿಯ ಕಟಕಟೆಯ ಹತ್ತಿರ ಅವಳ ಕೈ ಚಾಚಿ ಹಿಡಿದರು. ನಾನು ಹೊಸ್ತಿಲೊಳಗೆ ನಿಂತು ನೋಡಿದೆ. ಕೆಂಪಗಿತ್ತು. ಉಬ್ಬಿದೆಯೋ ಇಲ್ಲವೋ ಅಲ್ಲಿಂದ ತಿಳಿಯಲಿಲ್ಲ.

"ಗುಂಗಾಡು ಕಡದಿರಬೇಕು. ಸುಣ್ಣ ಹಚ್ಚಲೇನು?" ಎಂದರು ಅತ್ತೆ. "ಸುಣ್ಣ ಬ್ಯಾಡ್ರಿ, ಕೈ ಮುಗೀತೀನಿ" ಎಂದು ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಮುಚ್ಚಿದ್ದ ಎರಡು ಬಾಗಿಲುಗಳು ತೆರೆದುಕೊಂಡವು. ವೀಣಾ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡು ನನ್ನನ್ನು ಹೆದರಿ ನೋಡಿದಳು.

ಗುರುವಾರ ಅತ್ತೆ ಅವಳನ್ನು ಎತ್ತಿಕೊಂಡು ಮುಂದೆ, ನಾನು ಬಾಯಿಗೆ ಸೆರಗು ಹಿಡಿದು ಹತ್ತು ಹೆಜ್ಜೆ ಹಿಂದೆ. ದವಾಖಾನೆಗೆ ಬೀಗ. ಸಿಬ್ಬಂದಿಯೆಲ್ಲ ಪ್ರಥಮ ಚಿಕಿತ್ಸೆಯ ಡ್ಯೂಟಿಗೆ ಹೋಗಿದ್ದಾರೆ, ಶನಿವಾರ ತೆರೆಯುತ್ತದೆ ಎಂದು ಮರಾಠಿಯಲ್ಲಿ ಚೀಟಿ ಅಂಟಿಸಿದ್ದರು. ಸುತ್ತಲಿನ ಯಾರಿಗೂ ಎಲ್ಲಿಗೆ ಹೋದರೆಂದು ಗೊತ್ತಿರಲಿಲ್ಲ. ಬರಿಗೈಯಲ್ಲಿ ಚಾಳಿಗೆ ಹಿಂದಿರುಗಿದಾಗ ಮೆಟ್ಟಿಲ ಬುಡದಲ್ಲಿ ಸಾವಂತರು ಬಕೆಟುಗಳಿಗೆ ಮರಳು ತುಂಬುತ್ತಿದ್ದರು. ಅವತ್ತು ಸಂಜೆ ನಮ್ಮನ್ನು ಓಡಿಸಲು ಸಭೆ ಕರೆದಿದ್ದ ಮನುಷ್ಯ. ಬೇರೆ ದಿನವಾಗಿದ್ದರೆ ನಾನು ಸತ್ತರೂ ಅವರ ಮುಂದೆ ಬಾಯಿ ತೆರೆಯುತ್ತಿರಲಿಲ್ಲ.

"ಸಾವಂತ್ ಭಾವು, ದವಾಖಾನೆಯ ಸಿಸ್ಟರ್ ಎಲ್ಲಿ ಸಿಗುತ್ತಾರೆ?" ಎಂದು ನನ್ನ ಹರಕು ಮರಾಠಿಯಲ್ಲಿ ಕೇಳಿದೆ. ಮಗುವಿನ ಕೈ ಇವತ್ತೇ ನೋಡಬೇಕು, ನಾಳೆಯಾದರೆ ತಿಳಿಯುವುದಿಲ್ಲ ಎಂದೆ. ಅವರು ಎದ್ದು ನಿಂತು ವೀಣಾಳ ಮುಂಗೈಯನ್ನೂ ಪೆನ್ನಿನ ಗುರುತನ್ನೂ ನೋಡಿದರು. ನನ್ನ ಕಡೆ ನೋಡಲಿಲ್ಲ.

"ವೋ ತೋ ಆಪ್ ಕೇ ಸ್ಕೂಲ್ ಮೇ ಹೈ, ಬಾಯಿ" ಎಂದರು. ಯುದ್ಧಕ್ಕೆಂದು ನಮ್ಮ ಶಾಲೆಯನ್ನು ಮುಚ್ಚಿ ಅಲ್ಲಿ ಪ್ರಥಮ ಚಿಕಿತ್ಸೆಯ ಕೇಂದ್ರ ಮಾಡಿದ್ದರಂತೆ. ಸಲಿಕೆಯನ್ನು ಮರಳಿಗೆ ಚುಚ್ಚಿ, "ಚಲೋ" ಎಂದು ಮುಂದೆ ನಡೆದರು. ತೋಳಿಗೆ ಪಟ್ಟಿ ಕಟ್ಟಿದವರಿಲ್ಲದೆ ಒಳಗೆ ಬಿಡುವುದಿಲ್ಲ ಎಂದು ದಾರಿಯಲ್ಲಿ ಹೇಳಿದರು.

ಸ್ಟೇಷನ್ ದಾಟುವಷ್ಟರಲ್ಲಿ ಸೈರನ್ನು ಕೂಗಿತು. ಸಾವಂತರು ನಮ್ಮನ್ನು ಒಂದು ಬಿಲ್ಡಿಂಗಿನ ಮೆಟ್ಟಿಲ ಕೆಳಗಿನ ಸಂದಿಗೆ ತಳ್ಳಿ ತಾವೂ ಒಳಗೆ ಬಂದರು. ನಾಲ್ಕು ಜನ ಒಬ್ಬರಿಗೊಬ್ಬರು ಅಂಟಿಕೊಂಡು ನಿಲ್ಲಬೇಕಾದಷ್ಟು ಜಾಗ. ನಾನು ಗೋಡೆಗೆ ಮುಖ ಹಚ್ಚಿ, ಸೆರಗನ್ನು ಬಾಯಿಗೆ ಒತ್ತಿ, ಉಸಿರು ಬಿಗಿಹಿಡಿದೆ. ಮೂರು ತಿಂಗಳಲ್ಲಿ ನನ್ನ ಮಗಳು ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ಅವಳ ಕಾಲು ನನ್ನ ಬೆನ್ನಿಗೆ ತಾಗುತ್ತಿತ್ತು. ವಿಮಾನ ಬರಲಿ, ಬಾಂಬು ಬೀಳಲಿ, ಈ ಸಂದಿಯಿಂದ ಹೊರಗೆ ಹೋಗುವುದೇ ಬೇಡ ಅನಿಸಿತು. ಆಗ ನನ್ನ ಹಿಂದೆ ಯಾರೋ ಕೆಮ್ಮಿದರು. ಒಣ ಕೆಮ್ಮು, ಕೊನೆಯಲ್ಲಿ ಒಂದು ಎಳೆತ. ಆ ಕೆಮ್ಮನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ಸಾವಂತರು ಕರವಸ್ತ್ರ ಮಡಿಸಿ ಮುಷ್ಟಿಯೊಳಗಿಟ್ಟುಕೊಂಡರು.

ಶಾಲೆಯಲ್ಲಿ ಗೇಟಿನ ಮುಂದೆ ಮರಳಿನ ಚೀಲಗಳು, ವರಾಂಡದಲ್ಲಿ ಸ್ಟ್ರೆಚರುಗಳು. ನನ್ನದೇ ತರಗತಿಯಲ್ಲಿ ಸಿಸ್ಟರ್ ಹತ್ತಾರು ಹೆಂಗಸರಿಗೆ ಬ್ಯಾಂಡೇಜು ಕಟ್ಟುವುದನ್ನು ಕಲಿಸುತ್ತಿದ್ದರು. ಬೋರ್ಡಿನ ಮೇಲೆ ಯಾರದೋ ಅಕ್ಷರದಲ್ಲಿ ಅ, ಆ ಇತ್ತು. ನಮ್ಮನ್ನು ನೋಡಿ, "ಅಯ್ಯೋ ದೇವರೇ, ಇವತ್ತು ಗುರುವಾರ!" ಎಂದು ಹಣೆಗೆ ಕೈ ಹಚ್ಚಿಕೊಂಡರು. ಅಳೆಯಲು ಏನೂ ಇರಲಿಲ್ಲ. ನಾನು ನನ್ನ ಮೇಜಿನ ಖಾನೆಯಿಂದ ಮರದ ಫುಟ್‌ಪಟ್ಟಿ ತೆಗೆದು ಕೊಟ್ಟೆ. ಅದರಿಂದ ಎಷ್ಟೋ ಮಕ್ಕಳ ಅಂಗೈಗೆ ಪೆಟ್ಟು ಕೊಟ್ಟಿದ್ದೇನೆ. ಸಿಸ್ಟರ್ ಬೆರಳ ತುದಿಯಿಂದ ಉಬ್ಬನ್ನು ಸವರಿ, ಅಂಚು ಹುಡುಕಿ, ಪಟ್ಟಿ ಇಟ್ಟು ನೋಡಿದರು. ಇನ್ನೊಮ್ಮೆ ಇಟ್ಟು ನೋಡಿದರು.

"ಉಬ್ಬಿದೆ ಟೀಚರೇ. ಕ್ರಿಮಿ ಒಳಗೆ ಹೋಗಿದೆ."

"ನನ್ನಿಂದಾನಾ?"

"ಇರ್ಬಹುದು. ನಿಮ್ಗೆ ಸುಳ್ಳು ಹೇಳ್ಲಿಕ್ಕಿಲ್ಲ ನಾನು. ಆದ್ರೆ ಕೇಳಿ ಇಲ್ಲಿ. ಕ್ರಿಮಿ ಹೋಗಿದೆ, ಕಾಯಿಲೆ ಆಗ್ಲಿಲ್ಲ ಇನ್ನೂ. ಎಕ್ಸ್‌ರೇ ತೆಗೆಯುವ. ಒಂದು ವರ್ಷ ಮಾತ್ರೆ ಕೊಡುವ. ಇವತ್ತು ನೀವು ಬಾರದಿದ್ರೆ ಇದು ಗೊತ್ತೇ ಆಗ್ತಿರ್ಲಿಲ್ಲ."

ನಾನು ಮಕ್ಕಳ ಬೆಂಚಿನ ಮೇಲೆ ಕೂತು ಅ, ಆ ನೋಡುತ್ತ ಅತ್ತುಬಿಟ್ಟೆ. ನೆಗಡಿಯ ನೆಪ ಹೇಳಿ ತಪ್ಪಿಸಿದ ಆ ಒಂದು ದಿನ ಕಣ್ಣ ಮುಂದೆ ಬಂದು ನಿಂತಿತ್ತು. ಈಗಲೂ ಬರುತ್ತದೆ.

ಸಿಸ್ಟರ್ ಮಾತ್ರೆಯ ಚೀಟಿ ಬರೆಯುತ್ತಿರುವಾಗ ಸಾವಂತರು ಮತ್ತೆ ಕೆಮ್ಮಿದರು. ಸಿಸ್ಟರ್ ತಲೆ ಎತ್ತಿ, ಎಷ್ಟು ದಿನದಿಂದ ಎಂದು ಹಿಂದಿಯಲ್ಲಿ ಕೇಳಿದರು. ಸಾವಂತರು ಮರಳಿನ ಧೂಳು ಎಂದರು. ಎರಡು ದಿನದಿಂದ ಅಷ್ಟೇ ಮರಳು ತುಂಬುತ್ತಿರುವುದು ಎಂದು ನನಗೆ ಗೊತ್ತಿತ್ತು. ನಾನು ಅವರ ಮುಖ ನೋಡಿದೆ. ಅವರು ಮೊದಲ ಸಲ ನನ್ನ ಮುಖ ನೋಡಿದರು. "ಭಾವು, ನಾನು ಸೀಮೆಸುಣ್ಣದ ಧೂಳು ಅಂದಿದ್ದೆ" ಎಂದೆ. ಅವರು ಮುಷ್ಟಿ ಬಿಚ್ಚಿ ಕರವಸ್ತ್ರವನ್ನು ಸಿಸ್ಟರ್ ಮುಂದೆ ಇಟ್ಟರು.

ಅವತ್ತು ಸಂಜೆಯ ಸಭೆಯಲ್ಲಿ ಸಾವಂತರು, "ಬಾಯಿ ಯಹೀಂ ರಹೇಗಿ", ನಾನು ಇಲ್ಲೇ ಇರುತ್ತೇನೆ ಎಂದು ಒಂದೇ ಮಾತು ಹೇಳಿ ಎದ್ದರಂತೆ. ಯಾಕೆಂದು ಹೇಳಲಿಲ್ಲವಂತೆ. ಮುಂದಿನ ವಾರ ಯುದ್ಧ ಮುಗಿಯಿತು. ಕಂಬಳಿ ಬಿಚ್ಚಿದ್ದಾಯಿತು, ಕಿಟಕಿ ತೆರೆದದ್ದಾಯಿತು, ಪೇಪರಿನವರು ಗೆಲುವಿನ ಚಿತ್ರ ಹಾಕಿದರು. ನಾನೂ ಸಾವಂತರೂ ದಿನಾ ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಸೂಜಿಗೆ ಹೋಗುತ್ತಿದ್ದೆವು. ಆ ಮೂರು ಬೆಂಚುಗಳಲ್ಲಿ ಮುಖ ನೋಡಿ ಮಾತಾಡುತ್ತಿದ್ದವರು ನಾವಿಬ್ಬರೇ. ಸೂಜಿ ಯಾವ ಕಡೆಗೆ ಹೆಚ್ಚು ನೋಯುತ್ತದೆ, ಕಿವಿಯೊಳಗೆ ಗುಂಯ್ ಎನ್ನುವುದು ಯಾವಾಗ ನಿಲ್ಲುತ್ತದೆ, ಇಷ್ಟೇ ಮಾತು. ಅವರು ಹೆಂಡತಿಗೆ, ಗೋದಿಯ ಕೆಲಸ ಬೇಗ ಶುರುವಾಗುತ್ತದೆ ಎಂದು ಹೇಳಿದ್ದರು. ಅವರ ಸುಳ್ಳನ್ನು ನಾನು ಒಡೆಯಲಿಲ್ಲ. ಒಡೆಯಬೇಕಿತ್ತೇನೋ. ನಾಲ್ಕು ತಿಂಗಳಿಗೆ ಕೆಮ್ಮು ನಿಂತಿತು ಎಂದು ಅವರು ಬರುವುದನ್ನು ಬಿಟ್ಟರು. ಎರಡು ಸಲ ಕರೆದೆ. "ಅಬ್ ಠೀಕ್ ಹೂಂ, ಬಾಯಿ" ಎಂದು ನಕ್ಕರು. ಎರಡನೆಯ ಮಳೆಗಾಲವನ್ನು ಅವರು ದಾಟಲಿಲ್ಲ. ಬೆಂಚಿನ ತುದಿಯ ಹುಡುಗಿ, ನಿನಗೆ ನಾನು ಹೇಳಬೇಕೆಂದಿದ್ದದ್ದು ಮುಖ್ಯವಾಗಿ ಇದನ್ನೇ. ಕೆಮ್ಮು ನಿಂತ ಮೇಲೂ ಹೋಗು.

ವೀಣಾಳ ಎಕ್ಸ್‌ರೇಯಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ನನ್ನ ಅಂಗೈಗಿಂತ ಸ್ವಲ್ಪ ದೊಡ್ಡ ಎದೆಗೂಡು. ಅತ್ತೆ ಅದನ್ನು ನನ್ನ ಕಂದು ಲಕೋಟೆಯೊಳಗೇ ಇಟ್ಟು, "ಇದರಾಗರೆ ತಾಯಿ ಮಗಳು ಕೂಡೇ ಇರ್ರಿ" ಎಂದರು. ದಿನಾ ಮಾತ್ರೆ ಪುಡಿಮಾಡಿ ಬೆಲ್ಲದಲ್ಲಿ ಕಲೆಸಿ ತಿನ್ನಿಸುವವರು ಅವರೇ. ಆಸ್ಪತ್ರೆಯ ಕಫದ ವರದಿಯಲ್ಲಿ ಕ್ರಿಮಿ ಇನ್ನೂ ಇತ್ತು, ಹಾಗಾಗಿ ದಿನಾ ಬೆಳಿಗ್ಗೆ ನೆಲ ಒರೆಸಿದ ಮೇಲೆ ಮತ್ತೆ ಸೀಮೆಸುಣ್ಣದಿಂದ ಗೆರೆ ಎಳೆಯುವವರೂ ಅವರೇ. ಮೊದಮೊದಲು ವೀಣಾ ಅತ್ತು ರಂಪ ಮಾಡಿ ದಾಟಲು ಬರುತ್ತಿದ್ದಳು, ಪೆಟ್ಟು ತಿನ್ನುತ್ತಿದ್ದಳು. ಆಮೇಲೆ ಅದು ಆಟವಾಯಿತು. ಗೆರೆಯ ಮೇಲೆ ಬೊಂಬೆ ಇಟ್ಟು, ನಾನು ಚೆಂಡು ಉರುಳಿಸಿದರೆ ಅಲ್ಲಿಂದಲೇ ತಿರುಗಿ ಉರುಳಿಸುತ್ತಿದ್ದಳು. ಅಜ್ಜಿಗೆ ಅವ್ವ ಎನ್ನುತ್ತಿದ್ದಳು. ನನಗೆ ಏನೂ ಅನ್ನುತ್ತಿರಲಿಲ್ಲ.

ಮಾರ್ಚಿನಲ್ಲಿ ಒಂದು ದಿನ ಸಿಸ್ಟರ್ ನನ್ನ ಕಾರ್ಡಿನ ಮೇಲೆ ಬರೆದು, "ಮೂರು ಸಲ ಕಫದಲ್ಲಿ ಕ್ರಿಮಿ ಸಿಗ್ಲಿಲ್ಲ ಟೀಚರೇ. ಇನ್ನು ಮಗುವನ್ನು ಎತ್ತಿಕೊಳ್ಳಿ. ಔಷಧ ಮಾತ್ರ ಬಿಡ್ಲಿಕ್ಕಿಲ್ಲ" ಎಂದರು. ನಾನು ಬಸ್ಸಿಗೂ ಕಾಯದೆ ಮನೆಗೆ ನಡೆದೆ. ಮೆಟ್ಟಿಲು ಹತ್ತುವಾಗ ಮೂರು ಕಡೆ ನಿಂತೆ. ಅತ್ತೆಗೆ ಹೇಳಿದೆ. ಅವರು ಒದ್ದೆ ಬಟ್ಟೆ ತಂದು ಗೋಡೆಯಿಂದ ಗೋಡೆಗೆ ನೆಲ ಒರೆಸಿದರು, ಎರಡು ಸಲ ಒರೆಸಿದರು. ಗೆರೆಯ ಗುರುತೂ ಉಳಿಯಲಿಲ್ಲ.

ನಾನು ನೆಲದ ಮೇಲೆ ಕೂತು ಕೈ ಚಾಚಿದೆ. "ಬಾ ವೀಣಾ" ಎಂದೆ.

ಅವಳು ಓಡಿ ಬಂದಳು. ಕೋಣೆಯ ನಡುವಿಗೆ ಬಂದು ತಟ್ಟನೆ ನಿಂತಳು. ಒದ್ದೆ ನೆಲ ನೋಡಿದಳು, ನನ್ನನ್ನು ನೋಡಿದಳು.

"ಗೆರಿ ಐತಿ" ಎಂದಳು.

"ಇಲ್ಲ ಪುಟ್ಟಿ, ಅಜ್ಜಿ ಅಳಿಸ್ಯಾಳ ನೋಡು."

"ಐತಿ" ಎಂದಳು.

ಕೊನೆಗೆ ನಾನೇ ಎದ್ದು ಹೋಗಿ ಎತ್ತಿಕೊಂಡೆ. ಕಟ್ಟಿಗೆಯ ಹಾಗೆ ಬಿಗಿಯಾಗಿದ್ದಳು. ಪೆಟ್ಟು ಬೀಳುತ್ತದೆಂದು ಅಜ್ಜಿಯ ಕಡೆ ನೋಡುತ್ತಿದ್ದಳು. ಈಗ ಅವಳಿಗೆ ಹತ್ತು ವರ್ಷ ದಾಟಿದೆ, ಚೆನ್ನಾಗಿದ್ದಾಳೆ, ಓಡುತ್ತಾಳೆ, ಈಜು ಕಲಿಯಬೇಕೆನ್ನುತ್ತಾಳೆ. ಆ ದಿನಗಳದ್ದು ಅವಳಿಗೆ ಏನೂ ನೆನಪಿಲ್ಲ. ಅದೇ ಕೋಣೆಯಲ್ಲಿದ್ದೇವೆ. ಶಾಲೆಯಿಂದ ಬಂದವಳು ಪಾಟಿಚೀಲ ಎಸೆದು ಒಲೆಯ ಕಡೆಯಿಂದ ನನ್ನ ಹತ್ತಿರ ಬರುವಾಗ ನಡುವೆ ಒಂದು ಕ್ಷಣ ಹೆಜ್ಜೆ ತಡೆದು, ಆಮೇಲೆ ಬರುತ್ತಾಳೆ. ಯಾಕೆ ನಿಂತೆ ಎಂದು ಕೇಳಿದರೆ, ಎಲ್ಲಿ ನಿಂತೆ ಎಂದು ನನ್ನನ್ನೇ ಕೇಳುತ್ತಾಳೆ.